ಎಂಟೂವರೆಯ ಲೋಕಲ್ ಬಸ್ಸು, ಕಿಟಕಿ ಪಕ್ಕದ ಅಜ್ಜಿ

ಆರು ತಿಂಗಳಿಂದ ದಿನಾ ಬೆಳಿಗ್ಗೆ 8:30ರ ಲೋಕಲ್ ಬಸ್ಸಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದೇನೆ. ಬಸ್ಸು ಚೆನ್ನಾಗಿದೆ. ಟೈಮಿಗೆ ಬರುತ್ತದೆ, ಸ್ಟಾಪಿನಲ್ಲಿ ಪೂರ್ತಿ ನಿಲ್ಲುತ್ತದೆ, ಫ್ಲೋರು ತಗ್ಗಿನಲ್ಲಿರುವುದರಿಂದ ಮಂಡಿ ನೋವಿನವರೂ ಕಷ್ಟಪಡದೆ ಹತ್ತುತ್ತಾರೆ. ಐದರಲ್ಲಿ ನಾಲ್ಕು ಸ್ಟಾರ್ ಧಾರಾಳವಾಗಿ ಕೊಡುತ್ತೇನೆ. ಒಂದು ಸ್ಟಾರ್ ಹಿಡಿದಿಟ್ಟುಕೊಂಡಿದ್ದು ಅದರ ಅನೌನ್ಸ್‌ಮೆಂಟಿಗೆ. ಮುಂದಿನ ಸ್ಟಾಪ್ ಹೇಳುವ ಆ ರೆಕಾರ್ಡಿಂಗ್ ದನಿ ಯಾವಾಗಲೂ ಒಂದು ಸ್ಟಾಪ್ ಹಿಂದೆಯೇ ಇರುತ್ತದೆ.

ಇದು ಮೊದಲ ದಿನವೇ ಗೊತ್ತಾಯಿತು. ಬಸ್ಸು ಆಸ್ಪತ್ರೆ ದಾಟಿ ಮುಂದೆ ಬಂದಿತ್ತು. ಸ್ಪೀಕರ್ ನಿಧಾನಕ್ಕೆ ‘ಮುಂದಿನ ನಿಲ್ದಾಣ, ಆಸ್ಪತ್ರೆ’ ಅಂದಿತು. ಮೂರನೇ ಸಾಲಿನಲ್ಲಿ ಕಿಟಕಿ ಪಕ್ಕ ಕೂತಿದ್ದ ಒಬ್ಬ ಅಜ್ಜಿ ತಲೆ ಎತ್ತಿ ಆ ಸ್ಪೀಕರನ್ನೇ ನೋಡುತ್ತಾ, ‘ಅದು ಆಗಲೇ ಹೋಯ್ತು ಕಣಮ್ಮಾ, ಈಗ ಬರೋದು ಮಾರ್ಕೆಟ್ಟು’ ಅಂತ ಜೋರಾಗಿ ಹೇಳಿದರು. ತಕ್ಷಣ ಹಿಂದಿನಿಂದ ನಾಲ್ಕೈದು ಜನ ಎದ್ದು ಬಾಗಿಲ ಕಡೆ ಬಂದರು. ಅವರೆಲ್ಲ ಕಾಯುತ್ತಿದ್ದದ್ದು ಅಜ್ಜಿಯ ಮಾತಿಗೆ!

ಸೀಟಿನ ವ್ಯವಸ್ಥೆಯೂ ಅವರದ್ದೇ. ತೀರಾ ಹಿಂದೆ ಒಂದು ಸೀಟು ಖಾಲಿ ಕಂಡು ನಾನು ಆ ಕಡೆ ಹೊರಟರೆ, ‘ಅಲ್ಲಿ ಬೇಡ, ಅದು ಹಿಂದಿನ ಚಕ್ರಕ್ಕಿಂತಲೂ ಆಚೆ ಇದೆ, ಹಂಪ್ ಬಂದರೆ ಎತ್ತಿ ಹಾಕುತ್ತೆ’ ಅಂತ ತಡೆದರು. ನಿಜವೇ, ಚಕ್ರದಿಂದ ಹಿಂದಕ್ಕೆ ಹೋದಷ್ಟೂ ಕುಲುಕಾಟ ಜಾಸ್ತಿ. ಆಮೇಲೆ ನಿಲ್ಲುವುದು ಹೇಗೆ ಅಂತಲೂ ಹೇಳಿಕೊಟ್ಟರು. ಕಿಟಕಿ ಕಡೆ ಮುಖ ಮಾಡಿ ಕಾಲು ಅಗಲಿಸಿ ನಿಲ್ಲಬೇಕಂತೆ. ಹಾಗೆ ನಿಂತರೆ ಬಸ್ಸು ಹೋಗುವ ದಿಕ್ಕಿಗೆ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಆಗುತ್ತದೆ, ಬ್ರೇಕ್ ಹಾಕಿದಾಗ ಮೈ ಮುಂದಕ್ಕೆ ವಾಲಿದರೂ ತಡೆಯುತ್ತದೆ. ಅವತ್ತಿನಿಂದ ನಾನು ಹಾಗೇ ನಿಲ್ಲುವುದು.

‘ಈ ಹುಡುಗನ ಪಕ್ಕ ನಿಂತ್ಕೊಳ್ಳಿ, ಮಾರ್ಕೆಟ್ಟಲ್ಲಿ ಇಳಿತಾನೆ’ ಅಂತ ತಮ್ಮ ಪಕ್ಕದಲ್ಲಿ ನಿದ್ದೆ ಹೊಡೆಯುತ್ತಿದ್ದವನನ್ನು ತೋರಿಸಿದರು. ಮಾರ್ಕೆಟ್ ಬಂತು. ಹುಡುಗ ಏಳಲಿಲ್ಲ. ಅಜ್ಜಿ ಕೊಡೆಯ ಹಿಡಿಯಿಂದ ಅವನ ಭುಜಕ್ಕೆ ಎರಡು ಸಲ ತಟ್ಟಿ, ‘ಏಳಪ್ಪಾ, ಸ್ಟಾಪ್ ಬಂತು’ ಅಂದರು. ಅವನು ದಡಬಡ ಎದ್ದು, ಬ್ಯಾಗ್ ತಬ್ಬಿಕೊಂಡು ಬಾಗಿಲವರೆಗೂ ಓಡಿ, ಅಲ್ಲಿ ನಿಂತು ಒಂದು ಕ್ಷಣ ಯೋಚನೆ ಮಾಡಿ ವಾಪಸ್ ಬಂದ.

‘ಅಜ್ಜೀ, ನಂಗಿವತ್ತು ರಜ. ಲಾಸ್ಟ್ ಸ್ಟಾಪಿಗೆ ಹೋಗ್ತಿದ್ದೀನಿ.’

‘ಮೊದಲೇ ಹೇಳಬಾರದಾ? ನಿನ್ನ ಸೀಟು ಇವರಿಗೆ ಕೊಟ್ಟಾಯ್ತಲ್ಲ!’

ಕಂಡಕ್ಟರ್ ಟಿಕೆಟ್ ಮಷೀನ್ ಹಿಡಿದುಕೊಂಡೇ ಬಿದ್ದು ಬಿದ್ದು ನಕ್ಕರು. ನಾನು ಬೇಡ ಬೇಡ ಅಂದರೂ ಆ ಹುಡುಗ ನಗುತ್ತಾ ಕಂಬಿ ಹಿಡಿದು ನಿಂತೇ ಬಂದ.

ಇಷ್ಟೆಲ್ಲ ಚೆಂದ. ಆದರೂ ಅನೌನ್ಸ್‌ಮೆಂಟ್ ಸರಿ ಮಾಡಲೇಬೇಕು. ಬಸ್ಸು ಇರುವ ಜಾಗವನ್ನು ಜಿಪಿಎಸ್ ತೋರಿಸುತ್ತದೆ, ಮೊದಲೇ ತುಂಬಿಸಿಟ್ಟ ಸ್ಟಾಪುಗಳ ಪಟ್ಟಿಯ ಜೊತೆ ಅದನ್ನು ತಾಳೆ ನೋಡಿ ರೆಕಾರ್ಡಿಂಗ್ ಕೇಳಿಸುತ್ತದೆ, ಹಾಗಾಗಿ ಪಟ್ಟಿ ತಪ್ಪಿದ್ದರೆ ದನಿಯೂ ತಪ್ಪುತ್ತದೆ. ನಾನು ಎರಡು ಸಲ ದೂರು ಕೊಟ್ಟೆ, ಏನೂ ಆಗಲಿಲ್ಲ. ನಮ್ಮ ಬಸ್ಸಿಗೆ ಬಿಳಿ ಕೋಲು ಹಿಡಿದು ಒಬ್ಬರು ಹತ್ತುತ್ತಾರೆ. ಅಜ್ಜಿ ಬಾರದ ದಿನ ಅವರು ಪ್ರತಿ ಸ್ಟಾಪಿನಲ್ಲೂ ‘ಇದ್ಯಾವುದು, ಇದ್ಯಾವುದು’ ಅಂತ ಪಕ್ಕದವರನ್ನು ಕೇಳುತ್ತಾ ಕೂರಬೇಕು. ಬಸ್ ಅನ್ನೋ ಪದ ಬಂದಿದ್ದೇ ‘ಆಮ್ನಿಬಸ್’ ಅನ್ನೋ ಲ್ಯಾಟಿನ್ ಮಾತಿನಿಂದ, ‘ಎಲ್ಲರಿಗೂ’ ಅಂತ ಅರ್ಥ. ಅವರಿಗೂ ಸೇರಿಯೇ ಅಲ್ವಾ?

ಕಳೆದ ವಾರ ನನಗೆ ಅಜ್ಜಿಯ ಪಕ್ಕದ ಸೀಟೇ ಸಿಕ್ಕಿತ್ತು. ಮಗು ಎತ್ತಿಕೊಂಡ ಒಬ್ಬರು ಹತ್ತಿದರು. ಅಜ್ಜಿ ನನ್ನ ಕಡೆ ಕೈ ತೋರಿಸಿ, ‘ಇಲ್ಲಿ ಬಾಮ್ಮಾ, ಇವರು ಬ್ಯಾಂಕ್ ಸ್ಟಾಪಲ್ಲಿ ಇಳಿತಾರೆ’ ಅಂದರು. ಅವತ್ತು ನಾನು ಹೋಗಬೇಕಿದ್ದದ್ದು ಬ್ಯಾಂಕ್ ದಾಟಿ ಇನ್ನೂ ಮೂರು ಸ್ಟಾಪ್ ಮುಂದೆ. ಬ್ಯಾಂಕ್ ಬರುವುದಕ್ಕೂ ಮೊದಲೇ ಎದ್ದು, ಕಿಟಕಿ ಕಡೆ ಮುಖ ಮಾಡಿ ಕಾಲು ಅಗಲಿಸಿ ನಿಂತುಕೊಂಡೆ.