ಮಂಗಳೂರಾ, ಕಾರವಾರವಾ? ಬಳ್ಳಾರಿ ಕಡೆಯವರಿಗೆ ಒಂದು ಹೋಲಿಕೆ

ಎರಡೂ ಊರಲ್ಲಿ ಬಾಡಿಗೆಗೆ ಇದ್ದು ನೋಡಿದೆ. ನನಗೆ ಕಾರವಾರವೇ ಸರಿ.

ಅದಿರಿನ ಧೂಳು ಕುಡಿದು ಬೆಳೆದವರಿಗೆ ಎರಡೂ ಊರು ತೀರಾ ಹೊಸದಲ್ಲ. ಕುದುರೆಮುಖದ ಅದಿರು ಪೈಪಿನಲ್ಲಿ ಹರಿದು ಮಂಗಳೂರಿನ ಪಣಂಬೂರಿಗೆ ಬರುತ್ತಿತ್ತು. 2005ರ ಕೊನೆಗೆ ಆ ಗಣಿ ನಿಂತಿತು. ಕಾರವಾರದ ಹತ್ತಿರದ ಬೇಲೆಕೇರಿ ಬಂದರಿಗೆ ಹೋಗುತ್ತಿದ್ದದ್ದಂತೂ ನಮ್ಮ ಸಂಡೂರು, ಹೊಸಪೇಟೆ ಕಡೆಯ ಅದಿರೇ. 2010ರಲ್ಲಿ ಸರ್ಕಾರ ರಫ್ತು ನಿಲ್ಲಿಸಿದ ಮೇಲೆ ಆ ಲಾರಿ ಸಾಲೂ ಹೋಯಿತು.

ಈಗ ಅಸಲು ತಲೆನೋವು: ಬೂಷ್ಟು. ಬಳ್ಳಾರಿಯಲ್ಲಿ ವರ್ಷಕ್ಕೆ ಸುಮಾರು 500 ಮಿ.ಮೀ. ಮಳೆ. ಕರಾವಳಿಯಲ್ಲಿ 3,000ಕ್ಕೂ ಜಾಸ್ತಿ, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಂಗಳೂರಲ್ಲಿ ನಾವು ಹಿಡಿದದ್ದು ನೆಲಮಹಡಿಯ ಫ್ಲ್ಯಾಟು, ಒಂದೇ ಕಡೆ ಕಿಟಕಿ. ಊರಿಂದ ಕಟ್ಟಿ ತಂದ ಕಡಕ್ ರೊಟ್ಟಿ ಎರಡೇ ದಿನಕ್ಕೆ ಚಪಾತಿಯ ಹಾಗೆ ಮಡಚಿಕೊಳ್ಳುತ್ತಿತ್ತು. ಜೋಳದ ಹಿಟ್ಟು ಗಂಟು ಕಟ್ಟಿ ವಾಸನೆ ಬಂತು. ಬೆಲ್ಟು, ಚಪ್ಪಲಿ, ಬೀರುವಿನ ರೇಷ್ಮೆ ಸೀರೆ, ಯಾವುದನ್ನೂ ಬಿಡಲಿಲ್ಲ.

ಮನೆ ಬಿಡುವಾಗ ಗೋಡೆಯ ಬೂಷ್ಟಿಗೆ ನಾವೇ ಹೊಣೆ ಎಂದು ಮಾಲೀಕರು ಪೇಂಟಿಂಗ್ ದುಡ್ಡನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಂಡರು. ಮಳೆ ನಾವು ತಂದದ್ದಾ?

ಕಾರವಾರದಲ್ಲೇನು ಮಳೆ ಕಡಿಮೆ ಅಲ್ಲ. ಆದರೆ ಮಂಗಳೂರಿನ ಆ ಬಾಡಿಗೆಗಿಂತ ಕಡಿಮೆಗೇ ಮೊದಲ ಮಹಡಿ ಸಿಕ್ಕಿತು. ಎರಡು ಕಡೆ ಗಾಳಿ, ತಾರಸಿ ಮೇಲೆ ಶೀಟು, ಬಟ್ಟೆ ಒಣಗಿಸಲು ಹಗ್ಗ. ಹಿಟ್ಟನ್ನು ಈಗ ವಾರಕ್ಕಾಗುವಷ್ಟೇ ಬೀಸಿಸುತ್ತೇವೆ. ಹೋಲಿಕೆ ಊರಿನದ್ದಾ, ಮನೆಯದ್ದಾ ಎಂದು ನೀವು ಕೇಳಬಹುದು. ನನ್ನ ಬಜೆಟ್ಟಿಗೆ ಎಲ್ಲಿ ಎಂಥ ಮನೆ ಸಿಗುತ್ತದೋ ಅದೇ ನನಗೆ ಊರು.

ಭಾಷೆ: ಅಲ್ಲಿ ತುಳು, ಇಲ್ಲಿ ಕೊಂಕಣಿ. ಎರಡೂ ಕಡೆ ಕನ್ನಡದಲ್ಲಿ ಸಲೀಸು.

ಆಸ್ಪತ್ರೆ, ಕಾಲೇಜು: ಮಂಗಳೂರು. ಇದರಲ್ಲಿ ವಾದವೇ ಇಲ್ಲ. ಮನೆಯಲ್ಲಿ ಕಾಯಿಲೆಯ ಹಿರಿಯರಿದ್ದರೆ ಸುಮ್ನೆ ಅಲ್ಲಿಗೇ ಹೋಗಿ.

ನನ್ನದು ಮನೆಯಲ್ಲೇ ಕೂತು ಲೆಕ್ಕಪತ್ರ ಬರೆಯುವ ಕೆಲಸ. ಆಗಾಗ ಊರಿಗೆ ಹೋಗಲೇಬೇಕು. ಹುಬ್ಬಳ್ಳಿ–ಅಂಕೋಲಾ ರೈಲು ದಶಕಗಳಿಂದ ಕಾಗದದಲ್ಲೇ ಇದೆ, ಹಾಗಾಗಿ ಅರಬೈಲು ಘಾಟಿ ಹತ್ತಿ ಹುಬ್ಬಳ್ಳಿವರೆಗೆ ಬಸ್ಸೇ ಗತಿ. ಅಲ್ಲಿಂದ ಬಳ್ಳಾರಿಗೆ ರೈಲಿದೆ. ಬಾಡಿಗೆಯಲ್ಲಿ ಉಳಿಯುವ ದುಡ್ಡಲ್ಲಿ ಈ ಓಡಾಟದ ಖರ್ಚು ಆರಾಮಾಗಿ ಕಳೆಯುತ್ತದೆ.