ಸೆಂಚುರಿಯನ್ನೋ ಪ್ಯಾಟನ್ನೋ: ಯಾವ ಮಾದರಿ ಕಟ್ಟೋದು?

1965ರ ಭಾರತ-ಪಾಕ್ ಯುದ್ಧದ ಟ್ಯಾಂಕೇ ಬೇಕು, ಆದರೆ 1:35 ಅಳತೆಯ (ಅಸಲಿಯ 35ನೇ ಒಂದು ಪಾಲು) ಪ್ಲಾಸ್ಟಿಕ್ ಮಾದರಿಯ ಒಂದೇ ಕಿಟ್‌ಗೆ ದುಡ್ಡಿದೆ ಅನ್ನೋರಿಗೆ ಇದು.

ಕಾಗದದ ಮೇಲೆ ಪಾಕಿಸ್ತಾನದ ಕೈಲಿದ್ದ ಅಮೆರಿಕದ ಪ್ಯಾಟನ್ನೇ ಮುಂದು. 90 ಮಿ.ಮೀ. ತೋಪು, ಗಂಟೆಗೆ ಸುಮಾರು 48 ಕಿ.ಮೀ. ವೇಗ. ನಮ್ಮ ಸೆಂಚುರಿಯನ್ ಬ್ರಿಟನ್ನಿನದು, ಸುಮಾರು 50 ಟನ್ ಭಾರ, 35 ಕಿ.ಮೀ. ದಾಟದು, ತೋಪು 84 ಮಿ.ಮೀ. ಆದರೆ ಅದರ ತೋಪಿಗೆ ಸ್ಟೆಬಿಲೈಸರ್ (ಟ್ಯಾಂಕ್ ಓಡುವಾಗಲೂ ತೋಪನ್ನು ಗುರಿಯ ಮೇಲೆ ನಿಲ್ಲಿಸುವ ಸಾಧನ) ಇತ್ತು, ಪ್ಯಾಟನ್‌ಗೆ ಇರಲಿಲ್ಲ. ಪ್ಯಾಟನ್‌ನ ದೂರಮಾಪಕವೋ, ಪಳಗಿದ ಕಣ್ಣು ಕೇಳುವಂಥದ್ದು. ಪಂಜಾಬಿನ ಖೇಮ್‌ಕರಣ್ ಹತ್ತಿರದ ಅಸಲ್ ಉತ್ತರ್‌ನಲ್ಲಿ ನೀರು ಬಿಟ್ಟ ಕಬ್ಬಿನ ಗದ್ದೆಗಳಲ್ಲಿ ಪ್ಯಾಟನ್‌ಗಳು ಹೂತುಹೋದವು. ವೇಗ ಯಾವ ಲೆಕ್ಕಕ್ಕೆ ಬಂತು? ಅಲ್ಲೇ ನಮ್ಮ ಸೈನಿಕ ಅಬ್ದುಲ್ ಹಮೀದ್ ಜೀಪಿನ ಮೇಲಿನ 106 ಮಿ.ಮೀ. ತೋಪಿನಿಂದ ಅವನ್ನು ಹೊಡೆದದ್ದು.

ಇನ್ನು ಕಟ್ಟುವ ಕೆಲಸ. ಸೆಂಚುರಿಯನ್ ಒಡಲು ಬೆಸುಗೆ ಹಾಕಿದ ಚಪ್ಪಟೆ ಹಲಗೆಗಳದ್ದು. ಪಕ್ಕದ ತಗಡು ಚಕ್ರಗಳ ಮೇಲ್ಭಾಗವನ್ನು ಮುಚ್ಚುವುದರಿಂದ ಅಲ್ಲಿ ಬಣ್ಣ ಅಡ್ಡಾದಿಡ್ಡಿಯಾದರೂ ಯಾರಿಗೂ ಕಾಣದು. ಎಂ48 ಪ್ಯಾಟನ್ ಹಾಗಲ್ಲ: ಒಡಲು, ಗೋಪುರ ಎರಡೂ ಎರಕದವು, ದುಂಡಗಿನವು. ಆ ಒರಟು ಮೈ ಬರಬೇಕಾದರೆ ಪ್ಲಾಸ್ಟಿಕ್ ಮೇಲೆ ತೆಳು ಪುಟ್ಟಿ ಬಳಿದು, ಗಟ್ಟಿ ಬ್ರಷ್‌ನಿಂದ ಕುಟ್ಟಬೇಕು. ಚಕ್ರಗಳೂ ಬಯಲಿಗೆ.

ಮೊದಲ ಕಿಟ್ ಆದರೆ ಸೆಂಚುರಿಯನ್ ತಗೊಳ್ಳಿ. ಕೈ ಪಳಗಿದ್ದರೆ ಪ್ಯಾಟನ್, ಅದೂ ಅರ್ಧ ಚಕ್ರ ಕೆಸರಲ್ಲಿ ಹೂತಂತೆ. ಬಯಲಿಗೆ ಬಿದ್ದ ಚಕ್ರಗಳ ಕೆಲಸವೂ ಅರ್ಧ ಕಮ್ಮಿ.