ಕಾರಿನ ಒಳಭಾಗದ ಪ್ಲಾಸ್ಟಿಕ್‌ಗೆ ಬಣ್ಣ ಹೊಡೆಸುವ ಮುನ್ನ ದಯವಿಟ್ಟು ಓದಿ

ಹಳೆಯ ಕಾರಿನ ಮಾಸಿದ ಬೀಜ್ (ತಿಳಿ ಕಂದು) ಬಣ್ಣದ ಡ್ಯಾಶ್‌ಬೋರ್ಡ್ ಮತ್ತು ಡೋರ್ ಪ್ಯಾಡ್‌ಗಳಿಗೆ, ಅಂದರೆ ಬಾಗಿಲಿನ ಒಳಬದಿಯ ಪ್ಲಾಸ್ಟಿಕ್ ಹೊದಿಕೆಗಳಿಗೆ, ಕಪ್ಪು ಬಣ್ಣ ಹೊಡೆಸಬೇಕೆಂದಿರುವವರು, ಕೆಲಸ ಒಪ್ಪಿಸುವ ಮೊದಲು ನಮಗಾದದ್ದನ್ನು ತಿಳಿದುಕೊಳ್ಳಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾವಿರುವುದು ಕಲಬುರಗಿಯಲ್ಲಿ. ಇಲ್ಲಿನ ಒಂದು ಪೇಂಟಿಂಗ್ ಶಾಪಿನವರು ಕಾರಿನ ಹೊರಮೈಗೆ ಹೊಡೆಯುವ ಬಣ್ಣವನ್ನೇ ಒಳಗಿನ ಪ್ಲಾಸ್ಟಿಕ್‌ಗೂ ಹೊಡೆದು, ವರ್ಷಗಟ್ಟಲೆ ಬಾಳುತ್ತದೆ ಎಂದು ಭರವಸೆ ಕೊಟ್ಟಿದ್ದರು. ಅದು ಒಂದು ಬೇಸಿಗೆಯನ್ನೂ ತಡೆಯಲಿಲ್ಲ.

ಮೊದಲು ಬಣ್ಣ ಎದ್ದದ್ದು ಚಾಲಕನ ಬದಿಯ ಬಾಗಿಲಿನಲ್ಲಿ, ಮೊಣಕೈ ಊರುವ ಜಾಗದಲ್ಲಿ. ಉಗುರು ತಾಗಿಸಿದರೆ ಸಾಕು, ಕಾಯಿಸಿ ಆರಿಸಿದ ಹಾಲಿನ ಕೆನೆಯಂತೆ ಅಗಲವಾದ ಪದರವೇ ಕಿತ್ತು ಬರುತ್ತಿತ್ತು. ಅದರಡಿಯ ಬೀಜ್ ಪ್ಲಾಸ್ಟಿಕ್ ಮೇಲೆ ಎಮರಿ ಪೇಪರ್ ಉಜ್ಜಿದ ಒಂದು ಗೆರೆಯೂ ಇರಲಿಲ್ಲ. ಕೇಳಿದ್ದಕ್ಕೆ ಅಂಗಡಿಯವರು ‘ನಮ್ಮ ಕಡೆ ಬಿಸಿಲಿಗೆ ಹೀಗೇ ಆಗ್ತದ್ರೀ’ ಎಂದರು. ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಇನ್ನೂ ಹೆಚ್ಚು, ಎಂಬುದೆಲ್ಲ ನಿಜವೇ. ಆದರೆ ಮೂಲ ಕಾರಣ ಬಿಸಿಲಲ್ಲ.

ಡೋರ್ ಪ್ಯಾಡ್‌ಗಳು ಬಹುಪಾಲು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನವು. ಪ್ಯಾಡ್ ಬಿಚ್ಚಿ ಹಿಂಬದಿ ನೋಡಿದರೆ ‘ಪಿಪಿ’ ಎಂಬ ಇಂಗ್ಲಿಷ್ ಅಕ್ಷರಗಳು ಅಚ್ಚಾಗಿರುವುದು ಸಾಮಾನ್ಯ. ಈ ಪ್ಲಾಸ್ಟಿಕ್ ಮೇಲೆ ಬಣ್ಣವಾಗಲಿ ಅಂಟಾಗಲಿ ಸುಲಭವಾಗಿ ಹಿಡಿಯುವುದಿಲ್ಲ. ಬಣ್ಣಕ್ಕೆ ಮೊದಲು ಅಡ್ಹೀಷನ್ ಪ್ರಮೋಟರ್ ಎಂಬ ಪ್ರತ್ಯೇಕ ಪದರ ಬೇಕು. ತಗಡಿಗೆ ಹೊಡೆಯುವ ಮಾಮೂಲಿ ಪ್ರೈಮರ್ ಆ ಕೆಲಸ ಮಾಡದು. ಅದಕ್ಕೂ ಮೊದಲು, ವರ್ಷಗಳಿಂದ ಹಚ್ಚುತ್ತ ಬಂದ ಡ್ಯಾಶ್‌ಬೋರ್ಡ್ ಪಾಲಿಶ್‌ನ ಸಿಲಿಕೋನ್ ಜಿಡ್ಡನ್ನು ಸೋಪುನೀರಿನಿಂದಲೂ ಆಮೇಲೆ ಜಿಡ್ಡು ತೆಗೆಯುವ ದ್ರಾವಣದಿಂದಲೂ ಪೂರ್ತಿ ತೊಳೆದು, ಮೇಲ್ಮೈಯನ್ನು ಸಣ್ಣಗೆ ಉಜ್ಜಬೇಕು. ಸ್ವಲ್ಪ ಜಿಡ್ಡು ಉಳಿದರೂ ಅಲ್ಲಿ ಬಣ್ಣ ಸರಿದು ಸಣ್ಣ ಸಣ್ಣ ಕುಳಿಗಳಾಗುತ್ತವೆ. ನಮ್ಮ ಕಾರಿನ ಗ್ಲೋವ್ ಬಾಕ್ಸ್ ಮುಚ್ಚಳದ ಮೇಲೆ ಅಂಥ ಕುಳಿಗಳು ಸಾಲುಸಾಲಾಗಿ ಕಾಣುತ್ತಿದ್ದವು.

ಸಿಪ್ಪೆ ಏಳುವುದನ್ನಾದರೂ ಸಹಿಸಿಕೊಳ್ಳಬಹುದು. ನನಗೆ ಈಗಲೂ ಸಿಟ್ಟು ಬರುವುದು ಏರ್‌ಬ್ಯಾಗ್ ಮುಚ್ಚಳದ ವಿಷಯಕ್ಕೆ. ಪಕ್ಕದ ಆಸನದ ಮುಂದೆ, ಡ್ಯಾಶ್‌ಬೋರ್ಡಿನಲ್ಲಿರುವ ಆ ಮುಚ್ಚಳದ ಮೇಲೂ ಇವರು ದಪ್ಪಗೆ ಬಣ್ಣ ಹೊಡೆದು, ಅದರ ಅಂಚಿನ ಸಂದನ್ನೇ ಮುಚ್ಚಿಬಿಟ್ಟಿದ್ದರು. ಅಪಘಾತವಾದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಗೊತ್ತಾದ ಗೆರೆಯಲ್ಲೇ ತೆರೆದುಕೊಳ್ಳುವಂತೆ ಆ ಮುಚ್ಚಳವನ್ನು ಮಾಡಿರುತ್ತಾರೆ. ಸಂದು ಬಣ್ಣದಿಂದ ಬೆಸೆದುಕೊಂಡರೆ, ಅಥವಾ ತಿನ್ನರ್ ತಾಗಿ ಪ್ಲಾಸ್ಟಿಕ್ ಕೆಟ್ಟರೆ, ಅದು ಸರಿಯಾಗಿ ತೆರೆಯುತ್ತದೆಂದು ಯಾರೂ ಹೇಳಲಾರರು. ಒಣಗಿದ ಬಣ್ಣದ ಚೂರುಗಳು ಎದುರು ಕುಳಿತವರ ಮುಖಕ್ಕೆ ಸಿಡಿಯಬಹುದು. 2021ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಹೊಸ ಮಾದರಿಯ ಕಾರುಗಳಿಗೆ ಪಕ್ಕದ ಆಸನಕ್ಕೂ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಇಂಥ ಮುಚ್ಚಳವಿರುವ ಕಾರುಗಳು ಇನ್ನು ಹೆಚ್ಚುತ್ತಲೇ ಹೋಗುತ್ತವೆ. ಸ್ಟೀರಿಂಗ್ ನಡುವಿನ ಭಾಗವಿರಲಿ, ಗಾಜುಗಳ ಪಕ್ಕದ ಕಂಬಗಳ ಮೇಲಿನ, ಏರ್‌ಬ್ಯಾಗ್ ಗುರುತಿರುವ ಪ್ಲಾಸ್ಟಿಕ್ ಪಟ್ಟಿಗಳಿರಲಿ, ಯಾವುದಕ್ಕೂ ಬಣ್ಣ ಮುಟ್ಟಿಸಲು ಬಿಡಬೇಡಿ.

ಡ್ಯಾಶ್‌ಬೋರ್ಡಿನ ಮೇಲ್ಭಾಗಕ್ಕೆ ಹೊಳಪಿನ ಲ್ಯಾಕರ್ ಬೇರೆ ಹೊಡೆದಿದ್ದರು. ಮಧ್ಯಾಹ್ನ ಅದರ ಪ್ರತಿಬಿಂಬ ಮುಂಗಾಜಿನ ಮೇಲೆ ಬಿದ್ದು ರಸ್ತೆಯೇ ಮಸುಕಾಗುತ್ತಿತ್ತು. ಪ್ಯಾಡ್‌ಗಳನ್ನು ಬಿಚ್ಚದೆ ಕಾರಿನೊಳಗೇ ಸ್ಪ್ರೇ ಮಾಡಿದ್ದರಿಂದ ಸೀಟ್ ಬೆಲ್ಟಿನ ಪಟ್ಟಿಗೂ ಬಣ್ಣ ಸಿಡಿದಿತ್ತು, ತಿನ್ನರ್ ವಾಸನೆಯಂತೂ ವಾರಗಟ್ಟಲೆ ಹೋಗಲಿಲ್ಲ.

ಕಿತ್ತ ಬಣ್ಣವನ್ನು ಪೂರ್ತಿ ತೆಗೆಯುವುದೂ ಸುಲಭವಲ್ಲ. ಬಣ್ಣ ಕರಗಿಸುವ ದ್ರಾವಣಗಳಲ್ಲಿ ಹಲವು ಪ್ಲಾಸ್ಟಿಕ್ಕನ್ನೂ ಕೆಡಿಸುತ್ತವೆ. ನಾವು ಕೊನೆಗೆ ಗುಜರಿಯಿಂದ ಅದೇ ಮಾದರಿಯ ಹಳೆಯ ಡೋರ್ ಪ್ಯಾಡ್‌ಗಳನ್ನು ತಂದು ಹಾಕಿಸಿ, ಏರ್‌ಬ್ಯಾಗ್ ಮುಚ್ಚಳವನ್ನು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಹೊಸದಾಗಿ ಬದಲಾಯಿಸಿಕೊಂಡೆವು. ಬಣ್ಣ ಹೊಡೆಸಲೇಬೇಕೆಂದಿದ್ದರೆ, ಮೊದಲು ಒಂದೇ ಒಂದು ಸಣ್ಣ ಭಾಗವನ್ನು ಬಿಚ್ಚಿಸಿ ಬಣ್ಣ ಹೊಡೆಸಿ, ಒಂದು ವಾರ ಬಿಸಿಲಿನಲ್ಲಿಟ್ಟು, ಆಮೇಲೆ ಅದರ ಮೇಲೆ ಗಟ್ಟಿ ಟೇಪ್ ಅಂಟಿಸಿ ಒಮ್ಮೆಲೇ ಕಿತ್ತು ನೋಡಿ. ಟೇಪಿನ ಜೊತೆ ಬಣ್ಣ ಬಂದರೆ ಉಳಿದ ಕೆಲಸ ಕೊಡಬೇಡಿ.